ಕಂಪ್ಯೂಟರ್ ತುಂಬಾ ಸ್ಲೋ, ಯಾವ ಕ್ಲೀನರ್ ಸಾಫ್ಟ್‌ವೇರ್ ಹಾಕ್ಲಿ?

ಯಾವ್ದೂ ಹಾಕ್ಬೇಡಿ. ವಿಂಡೋಸ್ 10, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್ ಇರೋ ಹಳೇ ಡೆಸ್ಕ್‌ಟಾಪ್, ಸ್ಕ್ರೀನ್ ಬಂದ್ಮೇಲೂ ಬಹಳ ಹೊತ್ತು ಏನೂ ಓಪನ್ ಆಗಲ್ಲ, ಪ್ರೊಸೆಸರ್ ಹಳೇದಾಯ್ತೇನೋ ಹೊಸದೇ ತಗೊಳ್ಲಾ ಅಂತಾನೂ ಕೇಳಿದ್ದೀರಲ್ಲ, ಪಾಪ ಪ್ರೊಸೆಸರ್ ಮೇಲೆ ತಪ್ಪು ಹೊರಿಸೋಕ್ ಮುಂಚೆ ಒಂದು ಕೆಲಸ ಮಾಡಿ.

ಅದು ಒದ್ದಾಡ್ತಿರೋ ಟೈಮಲ್ಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರತ್ತೆ, ಅದ್ರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಅಂತ ಕಾಲಂ ಇರತ್ತೆ, ಯಾವ್ದು 100ರ ಹತ್ರ ನಿಂತಿದೆ ನೋಡಿ. ನಿಮ್ಮಂಥ ಮಷೀನಲ್ಲಿ ನಾನು ನೋಡಿರೋ ಮಟ್ಟಿಗೆ ಸಿಪಿಯು ಆರಾಮಾಗಿರತ್ತೆ, ಡಿಸ್ಕ್ ಮಾತ್ರ 100 ಪರ್ಸೆಂಟ್.

ಯಾಕೆ ಅಂದ್ರೆ ಹಾರ್ಡ್ ಡಿಸ್ಕ್ ಒಳಗೆ ನಿಜವಾಗ್ಲೂ ಒಂದು ತಟ್ಟೆ ತಿರುಗ್ತಾ ಇರತ್ತೆ, ನಿಮಿಷಕ್ಕೆ 5400 ಅಥವಾ 7200 ಸುತ್ತು, ಅದ್ರ ಮೇಲಿರೋ ಹೆಡ್ ಒಂದೊಂದು ಫೈಲಿಗೂ ಆಕಡೆ ಈಕಡೆ ಓಡ್ಬೇಕು, ಒಂದ್ಸಲ ಹೋಗಿ ಓದೋಕೆ ಹತ್ತು ಮಿಲಿಸೆಕೆಂಡ್ ಹತ್ರ ಹಿಡಿಯತ್ತೆ ಅಂದ್ರೆ ಸೆಕೆಂಡಿಗೆ ಸುಮಾರು 100 ಸಲ ಅಷ್ಟೇ. ವಿಂಡೋಸ್ ಶುರು ಆಗುವಾಗ ಕೇಳೋದು ಸಾವಿರಾರು ಚಿಲ್ಲರೆ ಫೈಲು. ಎಸ್‌ಎಸ್‌ಡೀಲಿ (ಹಾರ್ಡ್ ಡಿಸ್ಕ್ ಬದ್ಲು ಹಾಕೋ, ಚಿಪ್ಪಲ್ಲಿ ಡೇಟಾ ಇಡೋ ಡ್ರೈವ್) ತಿರುಗೋ ಭಾಗಾನೇ ಇಲ್ಲ, ಸಾಧಾರಣ ಸಾಟಾ ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ ಸಾವಿರಗಟ್ಲೆ ಸಲ ಓದತ್ತೆ. ಡಬ್ಬದ ಮೇಲೆ ಬರ್ದಿರೋ ಸೆಕೆಂಡಿಗೆ 500 ಎಂಬಿ ಸ್ಪೀಡ್ ದೊಡ್ಡ ಫೈಲ್ ಕಾಪಿ ಮಾಡುವಾಗಿನ ಲೆಕ್ಕ, ದಿನಾ ನಮ್ ಅನುಭವಕ್ಕೆ ಬರೋದು ಈ ಚಿಲ್ಲರೆ ಓದೇ.

ಇನ್ನೊಂದು ಸೂಕ್ಷ್ಮ ಇದೆ. ರ‍್ಯಾಮ್ ತುಂಬೋದ್ರೆ ವಿಂಡೋಸ್ ಉಳಿದಿದ್ದನ್ನ ಡಿಸ್ಕಿಗೇ ಬರ್ಯೋಕೆ ಶುರು ಮಾಡತ್ತೆ, ಹಾಗಾಗಿ ಡಿಸ್ಕ್ 100 ಕಂಡ್ರೂ ಮೂಲ ಕಾರಣ ರ‍್ಯಾಮ್ ಆಗಿರ್ಬೋದು. ಮೆಮೊರಿ ಕಾಲಂ (ಅದೇ ರ‍್ಯಾಮ್) 85-90 ಪರ್ಸೆಂಟ್ ದಾಟಿದ್ರೆ 8 ಜಿಬಿ ಮಾಡಿಸ್ಲೇಬೇಕು, 4 ಜಿಬೀಲಿ ಬ್ರೌಸರಲ್ಲಿ ನಾಲ್ಕು ಟ್ಯಾಬ್ ತೆಗೆಯೋದೂ ಕಷ್ಟ. ತಗೊಳ್ಳೋಕ್ ಮುಂಚೆ ನಿಮ್ಮ ರ‍್ಯಾಮ್ ಯಾವ ಪೀಳಿಗೇದು, ಡಿಡಿಆರ್3 ಆ ಡಿಡಿಆರ್4 ಆ ನೋಡ್ಕೊಳ್ಳಿ, ಒಂದ್ರ ಸ್ಲಾಟಿಗೆ ಇನ್ನೊಂದು ಕೂರಲ್ಲ. ಸದ್ಯಕ್ಕೆ ಒಂದೇ ಹಾಕ್ಸೋಕಾಗೋದು ಅಂದ್ರೆ ನಾನಂತೂ ಎಸ್‌ಎಸ್‌ಡಿ ಅಂತೀನಿ. 240 ಜಿಬೀದು ಸಾಕು, ಅದಕ್ಕೆ ವಿಂಡೋಸ್ ಹಾಕಿ, ಹಳೇ ಡಿಸ್ಕ್ ಫೋಟೋ ವಿಡಿಯೋಗೆ ಅಲ್ಲೇ ಇರ್ಲಿ.

ಆದ್ರೆ ಆ ಹಳೇ ಡಿಸ್ಕ್ ಸಾಯ್ತಾ ಇದ್ರೂ ಹಿಂಗೇ ಸ್ಲೋ ಆಗತ್ತೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಡಿಸ್ಕ್ ಆರೋಗ್ಯ ತೋರಿಸೋ ಫ್ರೀ ಟೂಲ್ ಇದೆ, ಅದು ಗುಡ್ ಅನ್ನೋ ಬದ್ಲು ಕಾಶನ್ ಅಥವಾ ಬ್ಯಾಡ್ ಅಂದ್ರೆ ಬೇರೆ ಎಲ್ಲಾ ಬಿಟ್ಟು ಮೊದ್ಲು ಡೇಟಾ ಕಾಪಿ ಮಾಡ್ಕೊಳ್ಳಿ.

ಖರ್ಚಿಲ್ದೆ ಆಗೋದು ಅಂದ್ರೆ, ಟಾಸ್ಕ್ ಮ್ಯಾನೇಜರಲ್ಲೇ ಸ್ಟಾರ್ಟಪ್ ಟ್ಯಾಬಿಗೆ ಹೋಗಿ ಬೇಡದ್ದನ್ನ ಡಿಸೇಬಲ್ ಮಾಡಿ, ಎರಡು ಆಂಟಿವೈರಸ್ ಇದ್ರೆ ಒಂದನ್ನ ತೆಗೀರಿ, ಸಿ ಡ್ರೈವ್ ತುಂಬಿದ್ರೆ ಖಾಲಿ ಮಾಡಿ. ಆಮೇಲೆ ಶಟ್‌ಡೌನ್ ಬದ್ಲು ಆಗಾಗ ರೀಸ್ಟಾರ್ಟ್ ಕೊಡಿ, ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಮಾಡಿದ್ರೂ ವಿಂಡೋಸ್ ಪೂರ್ತಿ ಹೊಸದಾಗಿ ಶುರು ಆಗಲ್ಲ. ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಕೊಳ್ಳೋ ಜಾಗ) ಕ್ಲೀನರ್ ಇಂದ ಸ್ಪೀಡ್ ಬರಲ್ಲ, ಏನಾದ್ರೂ ಕೆಡತ್ತೆ ಅಷ್ಟೇ. ಪ್ರಿಫೆಚ್ ಫೋಲ್ಡರ್ ಡಿಲೀಟ್ ಮಾಡಿ ಅಂತ ವಿಡಿಯೋಗಳಲ್ಲಿ ಹೇಳ್ತಾರಲ್ಲ, ಅದಿರೋದೇ ಬೇಗ ಓಪನ್ ಆಗ್ಲಿ ಅಂತ ಮಾರಾಯ್ರೆ!

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ವಿಂಡೋಸ್ 11ಕ್ಕೆ ಇಂಟೆಲ್ ಆದ್ರೆ ಹೆಚ್ಚುಕಮ್ಮಿ 8ನೇ ಜನರೇಶನ್ ಇಂದ ಮೇಲಿನ ಪ್ರೊಸೆಸರ್ ಬೇಕು. ನಿಮ್ಮದು ಅದಕ್ಕಿಂತ ಹಳೇದಾಗಿದ್ದು ಬರೀ ಬ್ರೌಸರ್, ವಿಡಿಯೋ ಅಷ್ಟೇ ನೋಡೋದಾದ್ರೆ ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಬದ್ಲು ಲಿನಕ್ಸ್ ಮಿಂಟ್ ಅನ್ನೋ ಫ್ರೀ ಆಪರೇಟಿಂಗ್ ಸಿಸ್ಟಂ ಹಾಕ್ಬೋದು, ಮೊದ್ಲು ಪೆನ್‌ಡ್ರೈವ್ ಇಂದಾನೇ ಬೂಟ್ ಮಾಡಿ ವೈಫೈ, ಪ್ರಿಂಟರ್ ಕೆಲಸ ಮಾಡತ್ತಾ ನೋಡಿ, ಆಮೇಲೆ ಇನ್‌ಸ್ಟಾಲ್ ಕೊಡಿ.