ಫ್ಯಾಕ್ಟರಿ ಕಾರುಗಳ ಡ್ರ್ಯಾಗ್ ರೇಸ್ ಯಾಕಿಷ್ಟು ದುಬಾರಿ? ನಿಯಮದ ಜಗಳ ಯಾಕೆ?

ಡ್ರ್ಯಾಗ್ ರೇಸ್ ಅಂದ್ರೆ ನೇರ ಟ್ರ್ಯಾಕಲ್ಲಿ ನಿಂತಲ್ಲಿಂದ ಹೊರಟು ಯಾರು ಮೊದಲು ಗುರಿ ಮುಟ್ಟುತ್ತಾರೆ ಅನ್ನೋ ಓಟ. ಹೆಸರಲ್ಲಿ 'ಸ್ಟಾಕ್' (ಕಂಪನಿಯಿಂದ ಬಂದಂತೆಯೇ ಇರುವುದು) ಇದೆ ಅಂತ ಶೋರೂಮ್ ಕಾರು ಅಂದ್ಕೋಬೇಡಿ. ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಡೆಸುವ ಫ್ಯಾಕ್ಟರಿ ಸ್ಟಾಕ್ ಶೋಡೌನ್ ಅನ್ನೋ ಸ್ಪರ್ಧೆಯಲ್ಲಿ ಓಡಿದ್ದು ಶೆವ್ರೊಲೆ ಕೋಪೋ ಕಮಾರೊ, ಫೋರ್ಡ್ ಕೋಬ್ರಾ ಜೆಟ್, ಡಾಜ್ ಡ್ರ್ಯಾಗ್ ಪ್ಯಾಕ್. ಕಂಪನಿಯೇ ಕಟ್ಟಿಕೊಟ್ಟರೂ ಇವನ್ನು ರಸ್ತೆಗಿಳಿಸುವಂತಿಲ್ಲ. 2018ರ ಕೋಬ್ರಾ ಜೆಟ್ ತಯಾರಾಗಿದ್ದೇ 68. ಆಗ ಬೆಲೆ 1,30,000 ಡಾಲರ್‌ನಿಂದ ಶುರುವಾಗ್ತಿತ್ತು.

ಅಷ್ಟು ಸುರಿದರೂ ಗೆಲ್ಲೋಕಾಗಲ್ಲ. ಆ ಕಾರು ಎಂಟೂವರೆ ಸೆಕೆಂಡಿನ ಆಸುಪಾಸಲ್ಲಿ ಕಾಲು ಮೈಲಿ ಮುಗಿಸುತ್ತೆ ಅಂತ ಫೋರ್ಡ್ ಹೇಳಿತ್ತು. ಮುಂಚೂಣಿಯ ತಂಡಗಳು ಏಳು ಸೆಕೆಂಡಿನ ಲೆಕ್ಕಕ್ಕೆ ಇಳಿದವು. ಆ ನಡುವಿನ ಚೂರುಪಾರು ಸಮಯಕ್ಕೇ ದುಡ್ಡು ನೀರಾಗೋದು: ಎಂಜಿನ್ ಬಿಚ್ಚಿ ಕಟ್ಟೋದು, ಗೇರ್‌ಬಾಕ್ಸ್, ಟೆಸ್ಟಿಂಗ್.

ನಿಯಮದ ಜಗಳದ ಮೂಲ ಸೂಪರ್‌ಚಾರ್ಜರ್, ಅಂದ್ರೆ ಎಂಜಿನ್‌ಗೆ ಒತ್ತಡದಲ್ಲಿ ಗಾಳಿ ತುಂಬೋ ಯಂತ್ರ; ಬ್ಲೋವರ್ ಅಂತಲೂ ಕರೀತಾರೆ. ಅದನ್ನ ತಿರುಗಿಸೋ ಬೆಲ್ಟಿನ ಚಕ್ರ (ಪುಲ್ಲಿ) ಸ್ವಲ್ಪ ಚಿಕ್ಕದಾದರೆ ಒಳಗಿನ ರೋಟರ್ ಜೋರಾಗಿ ತಿರುಗಿ, ಹೆಚ್ಚು ಗಾಳಿ ನುಗ್ಗಿ, ಪವರ್ ಏರುತ್ತೆ. ಮೂರು ಕಂಪನಿಗಳ ಎಂಜಿನ್ ಅಳತೆಯೂ ಬೇರೆ, ಬ್ಲೋವರೂ ಬೇರೆ. ಸಮ ಮಾಡಲು ಮುಂದಿರೋ ಒಬ್ಬರ ಕಾರಿಗೆ ಹೆಚ್ಚು ತೂಕ ಹೇರಿದರೆ ಅವರು 'ಕಷ್ಟಪಟ್ಟಿದ್ದಕ್ಕೆ ದಂಡವಾ?' ಅಂತಾರೆ; ಬಿಟ್ಟರೆ ಉಳಿದವರು ಗೊಣಗ್ತಾರೆ. ನನಗೆ ಇಬ್ಬರ ಮಾತೂ ಸರಿ ಅನ್ಸುತ್ತೆ, ಅದೇ ತಲೆನೋವು.

ನಿಯಮ ಸಡಿಲಿಸಿದರೆ ಖರ್ಚು ಇನ್ನೂ ಏರುತ್ತೆ. ಹೆಚ್ಚು ಮಾರ್ಪಾಡು ಬೇಕೆನ್ನುವವರಿಗೆ 2023ರಲ್ಲಿ ಫ್ಯಾಕ್ಟರಿ ಎಕ್ಸ್ ಅಂತ ಬೇರೆ ಕ್ಲಾಸೇ ಬಂತು. ಕೈಯಲ್ಲಿರೋ ಕಾರನ್ನ ಅದಕ್ಕೆ ಒಗ್ಗಿಸಬೇಕಂದ್ರೆ ಮತ್ತೆ ಜೇಬಿಗೆ ಕೈ ಹಾಕಬೇಕಿತ್ತು.