ವಾಹನ ಪ್ರಶ್ನೋತ್ತರ: ಸುಟ್ಟ ವೈರು, ಕರಗಿದ ಕಪ್ಲರ್

ಪ್ರಶ್ನೆ: ನನ್ನ ಬೈಕ್ ಗಾಳಿಯಿಂದ ತಂಪಾಗುವ 350 ಸಿಸಿ ಎಂಜಿನ್ನಿನದು, ಕೊಂಡು ಬಹಳ ವರ್ಷವಾಗಿದೆ. ಕಳೆದ ಬೇಸಿಗೆಯಲ್ಲಿ ಎಂಜಿನ್ನಿನಿಂದ ಮೇಲೆ ಬರುವ ಮೂರು ಹಳದಿ ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಕಪ್ಲರ್ ಕರಗಿತು. ಮೆಕ್ಯಾನಿಕ್ ಅದನ್ನು ಕತ್ತರಿಸಿ, ವೈರುಗಳನ್ನು ಹೊಸೆದು, ಟೇಪ್ ಸುತ್ತಿಕೊಟ್ಟರು. ಕಬ್ಬಿನ ಹಂಗಾಮು ಮುಗಿಯುವಷ್ಟರಲ್ಲಿ ಅದೇ ಜಾಗ ಮತ್ತೆ ಸುಟ್ಟಿದೆ, ಬ್ಯಾಟರಿಯೂ ಸರಿಯಾಗಿ ಚಾರ್ಜ್ ಆಗುತ್ತಿಲ್ಲ. ಫ್ಯೂಸ್ ಮಾತ್ರ ಚೆನ್ನಾಗಿದೆ. ಎಂಜಿನ್ನಿನ ಕಾವಿಗೆ ಹೀಗಾಗಿದೆ, ವೈರಿಂಗ್ ಕಿಟ್ ಪೂರ್ತಿ ಬದಲಿಸಬೇಕು ಎನ್ನುತ್ತಾರೆ. ಬದಲಿಸಲೇಬೇಕೆ?
– ಓದುಗರೊಬ್ಬರು, ಮುಧೋಳ

ಉತ್ತರ: ಕಿಟ್ ಕೊಳ್ಳುವ ಮೊದಲು ಸುಟ್ಟ ಭಾಗವನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ನೋಡಿರಿ, ಏಕೆಂದರೆ ಕಾವು ಎಲ್ಲಿಂದ ಬಂತು ಎಂಬುದನ್ನು ಆ ಗುರುತೇ ಹೇಳುತ್ತದೆ. ಎಂಜಿನ್ನಿನ ಕಾವು ತಗುಲಿದ್ದರೆ ಸಿಲಿಂಡರ್ ಅಥವಾ ಸೈಲೆನ್ಸರ್ ಪೈಪಿನ ಕಡೆಗೆ ಮುಖ ಮಾಡಿದ ಬದಿಯಷ್ಟೇ ಗಡುಸಾಗಿ, ಹೊಳಪು ಕಳೆದುಕೊಂಡು, ಬಗ್ಗಿಸಿದರೆ ಬಿರುಕು ಬಿಡುತ್ತದೆ. ಕೀಲಿನೊಳಗೇ ಕಾವು ಹುಟ್ಟಿದ್ದರೆ ಒಂದು ಪಿನ್ನಿನ ಸುತ್ತಲಿನ ಪ್ಲಾಸ್ಟಿಕ್ ಮಾತ್ರ ಕಂದಿ ಕರಗಿರುತ್ತದೆ, ಆ ಪಿನ್ನಿಗೆ ಸೇರಿದ ವೈರಿನ ಹೊದಿಕೆ ಪಿನ್ನಿನ ಹತ್ತಿರ ಕಪ್ಪಾಗಿದ್ದು ದೂರ ಹೋದಂತೆ ಮತ್ತೆ ಹಳದಿಗೆ ತಿರುಗಿರುತ್ತದೆ. ಒಂದೇ ಜಾಗ ಎರಡು ಸಲ ಸುಟ್ಟಿದೆ ಎಂದಮೇಲೆ ನಿಮ್ಮದು ಎರಡನೆಯ ಬಗೆಯದೆಂದೇ ನನ್ನ ಅಭಿಪ್ರಾಯ, ಇದಕ್ಕೆ ಇಡೀ ಕಿಟ್ ಬದಲಿಸುವ ಅಗತ್ಯವಿಲ್ಲ.

ಆ ಮೂರು ಹಳದಿ ವೈರುಗಳು ಎಂಜಿನ್ನಿನೊಳಗೆ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್‌ನ ವಿದ್ಯುತ್ತನ್ನು ಆರ್‌ಆರ್ ಯೂನಿಟ್‌ಗೆ (ಎಸಿ ವಿದ್ಯುತ್ತನ್ನು ಡಿಸಿ ಮಾಡಿ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಕ್ಟಿಫೈಯರ್-ರೆಗ್ಯುಲೇಟರ್) ಒಯ್ಯುತ್ತವೆ. ಪಿನ್ ಸಡಿಲವಾಗಿ ಅಥವಾ ಕಿಲುಬು ಹಿಡಿದು ಅಲ್ಲಿ ಬರಿಯ 0.1 ಓಮ್ ತಡೆ ಹುಟ್ಟಿದರೂ, 15 ಆಂಪಿಯರ್ ಹರಿಯುವಾಗ 22.5 ವ್ಯಾಟ್ ಶಾಖ ಏಳುತ್ತದೆ. ರೇಡಿಯೊ ರಿಪೇರಿ ಅಂಗಡಿಯ 25 ವ್ಯಾಟಿನ ಬೆಸುಗೆ ಕಡ್ಡಿಯನ್ನು ಕಪ್ಲರ್ ಒಳಗೆ ಇಟ್ಟಂತೆಯೇ ಸರಿ. ಕಾವಿಗೆ ಪಿನ್ನಿನ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ, ತಡೆ ಮತ್ತೆ ಹೆಚ್ಚುತ್ತದೆ. ಬರಿದೆ ಹೊಸೆದ ವೈರಿನಲ್ಲೂ ಇದೇ ನಡೆಯುತ್ತದೆ: ಎಂಜಿನ್ನಿನ ನಡುಕಕ್ಕೆ ಹೊಸೆತ ಸಡಿಲಗೊಂಡು, ಟೇಪಿನ ಅಂಟು ಕಾವಿಗೆ ಕರಗಿ, ತಾಮ್ರಕ್ಕೆ ಗಾಳಿ, ನೀರು ತಾಗುತ್ತದೆ. ಫ್ಯೂಸ್ ಹೋಗಲಿಲ್ಲವೆಂದು ಸಮಾಧಾನಪಡಬೇಡಿರಿ. ಹೆಚ್ಚಿನ ಬೈಕುಗಳಲ್ಲಿ ಫ್ಯೂಸ್ ಇರುವುದು ಆರ್‌ಆರ್ ಯೂನಿಟ್‌ನಿಂದ ಬ್ಯಾಟರಿಯತ್ತ ಹೋಗುವ ದಾರಿಯಲ್ಲಿ, ಈ ಮೂರು ವೈರುಗಳಿಗೆ ಅದರ ಕಾವಲೇ ಇರುವುದಿಲ್ಲ. ಹೆಚ್ಚುವರಿ ವಿದ್ಯುತ್ತನ್ನು ಶಾರ್ಟ್ ಮಾಡಿ ನಿಯಂತ್ರಿಸುವ ಬಗೆಯ ಆರ್‌ಆರ್ ಯೂನಿಟ್ ಇದ್ದರಂತೂ, ದೀಪ ಆರಿಸಿದರೂ ಕಪ್ಲರ್ ಮೇಲಿನ ಭಾರ ಇಳಿಯುವುದಿಲ್ಲ.

ದುರಸ್ತಿಯನ್ನು ತಾಳ್ಮೆಯಿಂದ ಮಾಡಿಸಿರಿ. ಮೊದಲು ವೈರನ್ನು ಹಿಂದಕ್ಕೆ ಕತ್ತರಿಸುತ್ತ ಹೋಗಬೇಕು. ಹೊದಿಕೆ ಸುಲಿದಾಗ ತಾಮ್ರದ ಎಳೆಗಳು ಕಪ್ಪಾಗಿದ್ದರೆ ಇನ್ನೊಂದು ಅಂಗುಲ ಕತ್ತರಿಸಬೇಕು, ಕೆಂಪಗೆ ಹೊಳೆಯುವ ತಾಮ್ರ ಕಾಣುವವರೆಗೆ ನಿಲ್ಲಿಸಬಾರದು. ಕಪ್ಪಾದ ತಾಮ್ರಕ್ಕೆ ಬೆಸುಗೆಯೂ ಹಿಡಿಯುವುದಿಲ್ಲ, ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ಲಗ್ಗೂ ನಿಲ್ಲುವುದಿಲ್ಲ. ಕೊರತೆಯಾದ ಉದ್ದಕ್ಕೆ ಮೂಲದ ವೈರಿಗಿಂತ ತೆಳ್ಳಗಿರದ, ಬಹು ಎಳೆಗಳ ವೈರನ್ನು ಸೇರಿಸಬೇಕು. ಸಾಮಾನ್ಯ ಪಿವಿಸಿ ಹೊದಿಕೆ ತಾಳುವುದು ಗುಣಮಟ್ಟಕ್ಕೆ ತಕ್ಕಂತೆ 70ರಿಂದ 105 ಡಿಗ್ರಿ ಸೆಲ್ಸಿಯಸ್‌ವರೆಗೆ. ಸಿಲಿಕೋನ್ ಹೊದಿಕೆಯದು ಸುಮಾರು 180 ಡಿಗ್ರಿ ತಾಳುತ್ತದೆಯಾದ್ದರಿಂದ ಎಂಜಿನ್ ಬಳಿಗೆ ಅದೇ ಲೇಸು. ಆದರೆ ಸಿಲಿಕೋನ್ ಮೆತ್ತಗಿರುವುದರಿಂದ ಚೌಕಟ್ಟಿನ ಅಂಚಿಗೆ ಉಜ್ಜಿ ಬೇಗ ಹರಿಯುತ್ತದೆ, ಮೇಲೊಂದು ಫೈಬರ್‌ಗ್ಲಾಸ್ ಸ್ಲೀವ್ ತೊಡಿಸಲೇಬೇಕು.

ಹೊಸ ಕಪ್ಲರಿನ ಲಗ್ಗುಗಳನ್ನು ಕ್ರಿಂಪಿಂಗ್ ಇಕ್ಕಳದಿಂದಲೇ ಒತ್ತಿಸಿರಿ, ಸಾದಾ ಪಕ್ಕಡದಿಂದ ಚಪ್ಪಟೆ ಮಾಡಿದ ಲಗ್ಗನ್ನು ನಾನು ಒಪ್ಪುವುದಿಲ್ಲ. ಒತ್ತಿದ ಮೇಲೆ ಕೈಯಿಂದ ಬಲವಾಗಿ ಎಳೆದು ನೋಡಬೇಕು. ಒಂದು ಬದಿಯ ಪಿನ್ ಮಾತ್ರ ಹೊಸದಾಗಿ, ಎದುರು ಬದಿಯದು ಹಳೆಯದೇ ಉಳಿದರೆ ಕೆಲಸ ಅರ್ಧವಾದಂತೆ, ಎರಡೂ ಬದಿ ಬದಲಾಗಲಿ. ಮೂರು ಹಳದಿ ವೈರುಗಳಲ್ಲಿ ಯಾವುದನ್ನು ಯಾವುದಕ್ಕೆ ಜೋಡಿಸಿದರೂ ತೊಂದರೆಯಿಲ್ಲ, ಉಳಿದ ಬಣ್ಣದ ವೈರುಗಳಿಗೆ ಈ ಸಲಿಗೆ ಸಲ್ಲದು. ಸಾಧ್ಯವಾದರೆ ಕಪ್ಲರನ್ನು ಸಿಲಿಂಡರಿನಿಂದ ದೂರಕ್ಕೆ, ಗಾಳಿ ಆಡುವ ಕಡೆಗೆ ಕಟ್ಟಿಸಿರಿ. ಜಮಖಂಡಿ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಹೋಗುವಾಗ ಎಂಜಿನ್ನಿಗೆ ಗಾಳಿ ಸಿಗದೆ ಆ ಜಾಗದ ಕಾವು ಏರುವುದಂತೂ ನಿಜ. ವಾಷಿಂಗ್ ಸೆಂಟರಿನ ರಭಸದ ನೀರನ್ನು ನೇರವಾಗಿ ಕಪ್ಲರಿಗೆ ಹಾಯಿಸಲು ಬಿಡಬೇಡಿರಿ, ಕಿಲುಬು ಆರಂಭವಾಗುವುದು ಅಲ್ಲಿಂದಲೇ.

ಕೊನೆಗೆ ಮಲ್ಟಿಮೀಟರ್ ಪರೀಕ್ಷೆ. ಕಪ್ಲರ್ ಬಿಚ್ಚಿ ಎಂಜಿನ್ ಕಡೆಯ ಹಳದಿ ವೈರುಗಳನ್ನು ಎರಡೆರಡಾಗಿ ಅಳೆದರೆ ಮೂರೂ ಸಲ ಒಂದೇ ಅಂಕಿ, ಸಾಮಾನ್ಯವಾಗಿ ಒಂದು ಓಮ್‌ಗಿಂತ ಕಡಿಮೆ, ಬರಬೇಕು. ಯಾವ ಹಳದಿ ವೈರಿಗೂ ಎಂಜಿನ್ ಮೈಗೂ ಸಂಪರ್ಕ ಇರಕೂಡದು. ಇದ್ದರೆ ಕಾಯಿಲ್ ಕೆಟ್ಟಿದೆ, ಕಪ್ಲರ್ ಬದಲಿಸಿ ಫಲವಿಲ್ಲ. ಜೋಡಿಸಿ ಎಂಜಿನ್ ಚಾಲೂ ಮಾಡಿ ವೇಗ ಏರಿಸಿದಾಗ ಬ್ಯಾಟರಿಯ ಮೇಲೆ ಸುಮಾರು 13.8ರಿಂದ 14.5 ವೋಲ್ಟ್ ಕಾಣಬೇಕು. ಹಾಗೆ ಚಾಲೂ ಇರುವಾಗಲೇ ಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಒಂದೇ ಹಳದಿ ವೈರನ್ನು ಕಪ್ಲರಿನ ಆಚೆ ಈಚೆ ಮುಟ್ಟಿಸಿ ಅಳೆಯಿರಿ. ಅಂಕಿ ಸೊನ್ನೆಯ ಹತ್ತಿರ ಇದ್ದರೆ ಕೀಲು ಚೆನ್ನಾಗಿದೆ, 0.2 ವೋಲ್ಟ್ ದಾಟಿದರೆ ಮತ್ತೆ ಬಿಚ್ಚಿಸಿರಿ.

ಪ್ರಶ್ನೆ: ರಾತ್ರಿ ಹೊಲಕ್ಕೆ ಹೋಗಬೇಕಾದ್ದರಿಂದ 60/55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ತೆಗೆದು 100/90 ವ್ಯಾಟಿನದು ಹಾಕಿಸಿದ್ದೇನೆ. ಈಗ ಬಲ್ಬಿನ ಹೋಲ್ಡರ್ ಕಂದಿದೆ, ಫ್ಯೂಸ್ ಹೋಗುತ್ತಿದೆ. ದೊಡ್ಡ ಫ್ಯೂಸ್ ಹಾಕಬಹುದೆ?
– ಓದುಗರೊಬ್ಬರು, ಇಂಡಿ

ಉತ್ತರ: ಖಂಡಿತ ಹಾಕಬಾರದು. ಫ್ಯೂಸ್ ಇರುವುದು ವೈರನ್ನು ಕಾಯಲು; ಅದನ್ನು ದೊಡ್ಡದು ಮಾಡಿದರೆ ಅದಕ್ಕಿಂತ ಮೊದಲು ವೈರೇ ಸುಡುತ್ತದೆ, ಅದೂ ಪೆಟ್ರೋಲ್ ಟ್ಯಾಂಕಿನ ಕೆಳಗೆ. 60 ವ್ಯಾಟಿಗೆ 5 ಆಂಪಿಯರ್ ಹರಿಯುವ ವೈರಿನಲ್ಲಿ 100 ವ್ಯಾಟಿಗೆ 8.3 ಆಂಪಿಯರ್ ಹರಿಯುತ್ತದೆ, ಕೀಲುಗಳಲ್ಲಿ ಹುಟ್ಟುವ ಶಾಖ ಸುಮಾರು ಎರಡು ಮುಕ್ಕಾಲು ಪಟ್ಟಾಗುತ್ತದೆ. ನಿಮ್ಮ ಬೈಕ್ 2017ರ ಏಪ್ರಿಲ್ ನಂತರದ್ದಾದರೆ ಎಂಜಿನ್ ಜೊತೆಗೇ ದೀಪ ಉರಿಯುವುದರಿಂದ ವಿಜಯಪುರದ 40 ಡಿಗ್ರಿ ದಾಟುವ ಹಗಲಿನಲ್ಲೂ ಈ ಭಾರ ತಪ್ಪುವುದಿಲ್ಲ. ಮೂಲದ ಬಲ್ಬಿಗೆ ಮರಳಿ, ಕಂದಿದ ಹೋಲ್ಡರ್ ತೆಗೆಸಿ ಪಿಂಗಾಣಿಯದು ಹಾಕಿಸಿರಿ. ಬ್ಯಾಟರಿಯಿಂದ ನೇರವಾಗಿ, ಪ್ರತ್ಯೇಕ ಫ್ಯೂಸ್ ಸಹಿತ, ರಿಲೇ (ಸಣ್ಣ ವಿದ್ಯುತ್ತಿನಿಂದ ದೊಡ್ಡ ವಿದ್ಯುತ್ತನ್ನು ಹಾಯಿಸುವ ಸ್ವಿಚ್) ಮೂಲಕ ವಿದ್ಯುತ್ ಕೊಡಿಸಿದರೆ ಸ್ವಿಚ್ಚಿನ ಹಳೆಯ ಕೀಲುಗಳಲ್ಲಿ ಸೋರಿಹೋಗುತ್ತಿದ್ದ ವೋಲ್ಟೇಜ್ ಬಲ್ಬಿಗೇ ಸಿಕ್ಕಿ 60 ವ್ಯಾಟಿನ ಬೆಳಕೇ ಗಣನೀಯವಾಗಿ ಹೆಚ್ಚುತ್ತದೆ, ಹೊಲದ ದಾರಿಗೆ ಅದು ಸಾಕು.