ಮ್ಯಾಕ್ರೋ ಎಲ್ಲ ಅಳಿಸಿದರೂ ವರ್ಡ್ 'ವೈರಸ್ ಇರಬಹುದು' ಅನ್ನುತ್ತಿದೆ. ನಾರ್ಮಲ್ ಟೆಂಪ್ಲೇಟ್ ಡಿಲೀಟ್ ಮಾಡಲಾ, ಅಥವಾ ಈ ಸುಳ್ಳು ಎಚ್ಚರಿಕೆಯನ್ನೇ ಆಫ್ ಮಾಡಲಾ?

ಎರಡೂ ಬೇಡ. ನಾರ್ಮಲ್ ಫೈಲಿಗಂತೂ (ಹೊಸ ಪತ್ರ ತೆರೆದಾಗ ವರ್ಡ್ ಬಳಸುವ ಮೂಲ ಅಚ್ಚು ಅದು) ಕೈ ಹಾಕಲೇಬೇಡಿ.

ಮ್ಯಾಕ್ರೋ (ವರ್ಡ್ ತಾನೇ ಮಾಡಲಿ ಅಂತ ಫೈಲಿನಲ್ಲಿ ಕೂಡಿಟ್ಟ ಆದೇಶಗಳು) ಪಟ್ಟಿ ಖಾಲಿ, ಆಂಟಿವೈರಸ್ ಏನೂ ಇಲ್ಲ ಅನ್ನುತ್ತೆ, ಆದರೂ ಹಳೇ ಡಾಕ್ ಫೈಲ್ ತೆರೆದಾಗಲೆಲ್ಲ ಅದೇ ಗೋಳು, ಅಲ್ವಾ? ವರ್ಡ್ 2003ರ ಕಾಲದಲ್ಲಿ ನನ್ನದೂ ಇದೇ ಪಾಡು. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ನನ್ನ ಟೈಪಿಂಗ್ ಅಂಗಡಿ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಇವೇ ಕೆಲಸ. ಹೊಸದಾಗಿ ಪತ್ರವನ್ನು ಯಾರು ಟೈಪ್ ಮಾಡ್ತಾರೆ? ಹಳೇದನ್ನು ತೆರೆದು, ಸೇವ್ ಆ್ಯಸ್ ಕೊಟ್ಟು, ಹೆಸರು, ಸರ್ವೆ ನಂಬರ್ ಬದಲಾಯಿಸೋದು. ಅಂಗಡಿಯ ಹುಡುಗ ಯಾವಾಗಲೋ ಒಂದು ಪತ್ರದಲ್ಲಿ ಪ್ರಿಂಟಿಗೆ ಅಂತ ಮ್ಯಾಕ್ರೋ ರೆಕಾರ್ಡ್ ಮಾಡಿದ್ದ. ಅದರಿಂದ ಹುಟ್ಟಿದ ಪ್ರತಿ ಪತ್ರಕ್ಕೂ ಅದು ಅಂಟಿಕೊಂಡು ಬಂತು. ಮೆನುವಿನಲ್ಲಿ ಹುಡುಕಿ ಡಿಲೀಟ್ ಮಾಡಿದೆ. ಎಚ್ಚರಿಕೆ ಹೋಗಲಿಲ್ಲ.

ಆಗ ಯಾರೋ ಹೇಳಿದರು, 'ನಾರ್ಮಲ್ ಡಾಟ್ ಕೆಟ್ಟಿದೆ, ಅಳಿಸಿಬಿಡಿ, ವರ್ಡ್ ತಾನೇ ಹೊಸದು ಮಾಡಿಕೊಳ್ಳುತ್ತೆ.' ಮಾತು ನಿಜವೇ, ವರ್ಡ್ ಹೊಸದು ಮಾಡಿಕೊಳ್ಳುತ್ತೆ. ಆದರೆ ಹಳೇದರಲ್ಲಿ ಏನಿತ್ತು ಅಂತ ನಾನು ಕೇಳಲಿಲ್ಲ. ನನ್ನ ಆಟೋಟೆಕ್ಸ್ಟ್ ಪೂರ್ತಿ ಅದರಲ್ಲೇ ಇತ್ತು. ಎರಡು ಮೂರು ಅಕ್ಷರ ಹೊಡೆದು ಎಫ್3 ಒತ್ತಿದರೆ ಒಂದು ಪ್ಯಾರಾ ಪೂರ್ತಿ ಬಂದು ಕೂರುತ್ತಿತ್ತು. 'ಈ ಸ್ವತ್ತಿನ ಮೇಲೆ ಯಾವುದೇ ಸಾಲ, ಋಣಭಾರ ಇರುವುದಿಲ್ಲ' ಅನ್ನುವ ಷರತ್ತು, ಚೆಕ್ಕುಬಂದಿಯ ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ, ಕೊನೆಗೆ ಸಾಕ್ಷಿಗಳ ಸಹಿಯ ಜಾಗ. ವಕೀಲರು ತಿದ್ದಿ ತಿದ್ದಿ ಒಪ್ಪಿದ ವಾಕ್ಯಗಳು ಅವು. ಶಿಫ್ಟ್ ಹಿಡಿದು ಡಿಲೀಟ್ ಒತ್ತಿದ್ದೆ, ರಿಸೈಕಲ್ ಬಿನ್ನಲ್ಲೂ ಸಿಗಲಿಲ್ಲ. ಹೆಸರು ಬದಲಾಯಿಸಿ ಪಕ್ಕಕ್ಕಿಟ್ಟಿದ್ದರೆ ಸಾಕಿತ್ತು, ಎಲ್ಲ ಉಳೀತಿತ್ತು. ಮರುದಿನ ಬೆಳಿಗ್ಗೆ ಪಾರ್ಟಿಯವರು ಬಂದು ಬೆಂಚಿನ ಮೇಲೆ ಕೂತಿದ್ದಾರೆ, ನಾನು ಎಫ್3 ಒತ್ತುತ್ತಾ ಇದ್ದೇನೆ, ಏನೂ ಬರ್ತಾ ಇಲ್ಲ. ಹಳೇ ಪತ್ರಗಳಿಂದ ಒಂದೊಂದೇ ಪ್ಯಾರಾ ಹೆಕ್ಕಿ ಮತ್ತೆ ಸೇರಿಸಿಕೊಳ್ಳುವಷ್ಟರಲ್ಲಿ ಸುಸ್ತಾಗಿ ಹೋದೆ.

ಇಷ್ಟಾದರೂ ಎಚ್ಚರಿಕೆ ಹಾಗೇ ಇತ್ತು! ಇರಲೇಬೇಕು. ನಾರ್ಮಲ್ ಟೆಂಪ್ಲೇಟನ್ನು ವರ್ಡ್ ತನ್ನದೇ ಅಂತ ನಂಬುತ್ತದೆ, ಅದರೊಳಗೆ ಮ್ಯಾಕ್ರೋ ಇದ್ದರೂ ಸಾಮಾನ್ಯವಾಗಿ ಕೇಳುವುದಿಲ್ಲ. ಕೇಳೋದು ನೀವು ತೆರೆಯುವ ಫೈಲಿನ ಬಗ್ಗೆ. ಬೇರೆ ಫೈಲ್‌ಗಳು ಸುಮ್ನೆ ತೆರೆದುಕೊಂಡು ಒಂದೇ ಫೈಲ್ ಕೂಗುತ್ತಿದ್ದರೆ ರೋಗ ಆ ಫೈಲಿನಲ್ಲೇ ಇದೆ.

ಇನ್ನೊಂದು ಮಾತು. 'ಸುಳ್ಳು ಎಚ್ಚರಿಕೆ' ಅಂತ ಬರೆದಿದ್ದೀರಿ. ನಾನು ಒಪ್ಪೋದಿಲ್ಲ. ವರ್ಡ್ ವೈರಸ್ ಹುಡುಕುತ್ತಲೇ ಇಲ್ಲ. ಗೇಟಿನ ವಾಚ್‌ಮನ್ ಥರ ಬ್ಯಾಗ್ ಇದೆಯಾ ಅಂತ ಮಾತ್ರ ನೋಡುತ್ತದೆ, ಒಳಗೇನಿದೆ ಅಂತ ನೋಡೋದಿಲ್ಲ. ಮ್ಯಾಕ್ರೋ ಅಳಿಸಿದರೂ ಅದು ಕೂತಿದ್ದ ಮಾಡ್ಯೂಲ್, ಅಂದರೆ ಕೋಡ್ ಇಡುವ ಡಬ್ಬಿ, ಖಾಲಿಯಾಗಿ ಉಳಿದಿರುತ್ತದೆ. ವರ್ಡಿಗೆ ಅಷ್ಟೇ ಸಾಕು. ಮ್ಯಾಕ್ರೋ ಪಟ್ಟಿ ಕೂಡ ಎಲ್ಲವನ್ನೂ ತೋರಿಸೋದಿಲ್ಲ. ಪ್ರೈವೇಟ್ ಅಂತ ಬರೆದ ಕೋಡ್ ಅಲ್ಲಿ ಕಾಣೋದೇ ಇಲ್ಲ.

ಫೈಲ್ ತೆರೆಯುವಾಗ ಮ್ಯಾಕ್ರೋ ಡಿಸೇಬಲ್ ಮಾಡಿಯೇ ತೆರೆಯಿರಿ. ಆಲ್ಟ್ ಹಿಡಿದು ಎಫ್11 ಒತ್ತಿ, ಮ್ಯಾಕ್ರೋ ಕೋಡ್ ತೋರಿಸುವ ಕಿಟಕಿ ತೆರೆಯುತ್ತದೆ. ಎಡಗಡೆ ನಿಮ್ಮ ಫೈಲಿನ ಹೆಸರಿರುವ ಪ್ರಾಜೆಕ್ಟ್ ಬಿಚ್ಚಿ ನೋಡಿ. ಮಾಡ್ಯೂಲ್ಸ್ ಕೆಳಗೆ 'ನ್ಯೂಮ್ಯಾಕ್ರೋಸ್' ಅಂತ ಇದ್ದರೆ ರೈಟ್ ಕ್ಲಿಕ್, ರಿಮೂವ್. ಎಕ್ಸ್‌ಪೋರ್ಟ್ ಮಾಡಲಾ ಅಂತ ಕೇಳಿದರೆ ನೋ. 'ದಿಸ್‌ಡಾಕ್ಯುಮೆಂಟ್' ಒಳಗೂ ಇಣುಕಿ, ಅಲ್ಲೇನಾದರೂ ಸಾಲುಗಳಿದ್ದರೆ ಅಳಿಸಿ, ಸೇವ್ ಮಾಡಿ. ಫೈಲ್ ಬೇರೆಯವರ ಆಫೀಸಿನಿಂದ ಬಂದದ್ದಾದರೆ ಅದಕ್ಕೆ ಅವರ ಟೆಂಪ್ಲೇಟ್ ಜೋಡಿಸಿರಬಹುದು, 'ಟೆಂಪ್ಲೇಟ್ಸ್ ಆ್ಯಂಡ್ ಆ್ಯಡ್-ಇನ್ಸ್'ನಲ್ಲಿ ನೋಡಿಕೊಳ್ಳಿ. ನಿಮ್ಮ ಹತ್ತಿರ ವರ್ಡ್ 2007 ಅಥವಾ ಆಮೇಲಿನದು ಇದ್ದರೆ ಇಷ್ಟೂ ಒದ್ದಾಟ ಬೇಡ. ಡಾಕ್ಸ್ ಆಗಿ ಸೇವ್ ಆ್ಯಸ್ ಮಾಡಿ. ಡಾಕ್ಸ್ ಫೈಲಿನಲ್ಲಿ ಮ್ಯಾಕ್ರೋ ಕೂರೋದಕ್ಕೆ ಜಾಗವೇ ಇಲ್ಲ, ಮ್ಯಾಕ್ರೋ ಇರುವ ಫೈಲಿಗೆ ಅಂತಲೇ ಬೇರೆ ಡಾಕ್‌ಎಂ ಮಾಡಿದ್ದಾರೆ.

ಎಚ್ಚರಿಕೆ ಆಫ್ ಮಾಡೋದು ಮಾತ್ರ ಬೇಡವೇ ಬೇಡ. 1999ರ ಮಾರ್ಚ್‌ನಲ್ಲಿ ಬಂದ ಮೆಲಿಸ್ಸಾ ವೈರಸ್ ವರ್ಡಿನ ಈ ರಕ್ಷಣೆಯನ್ನೇ ಇಳಿಸುತ್ತಿತ್ತು. ಔಟ್‌ಲುಕ್ ವಿಳಾಸಪಟ್ಟಿಯ ಮೊದಲ 50 ಜನಕ್ಕೆ ತನ್ನನ್ನು ತಾನೇ ಮೇಲ್ ಮಾಡಿಕೊಳ್ಳುತ್ತಿತ್ತು. ವೈರಸ್ ಮಾಡುವ ಕೆಲಸವನ್ನು ನಾವೇ ಯಾಕೆ ಮಾಡಿಕೊಡಬೇಕು? ಹೊಸ ವರ್ಡಿನಲ್ಲಿ ಈ ಎಚ್ಚರಿಕೆ ಮೇಲುಗಡೆ ಹಳದಿ ಪಟ್ಟಿಯಾಗಿ ಬರುತ್ತದೆ, ಅದರ ಬದಲು ಕೆಂಪು ಪಟ್ಟಿ ಬಂದರೆ ಅದು ಬೇರೆ ವಿಷಯ. ಇಂಟರ್ನೆಟ್‌ನಿಂದ ಬಂದ ಫೈಲಿನ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನೇ ತಡೆಯುತ್ತಿದೆ. ಕಳಿಸಿದವರಿಗೆ ಫೋನ್ ಮಾಡಿ ಕೇಳದೆ ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಒತ್ತಬೇಡಿ.

ಆಲ್ಟ್-ಎಫ್11ನಲ್ಲಿ ಪ್ರಾಜೆಕ್ಟ್ ಪಾಸ್‌ವರ್ಡ್ ಕೇಳಿದರೆ, ಬರಹವನ್ನಷ್ಟೇ ಕಾಪಿ ಮಾಡಿ ಹೊಸ ಖಾಲಿ ಫೈಲಿಗೆ ಪೇಸ್ಟ್ ಮಾಡಿ. ಮಾಡ್ಯೂಲ್ ಹಿಂದೆಯೇ ಉಳಿಯುತ್ತದೆ. ಪೇಜ್ ಸೆಟಪ್ ಕೂಡ ಹಿಂದೆ ಉಳಿಯಬಹುದು, ಹಾಗಾಗಿ ಛಾಪಾ ಕಾಗದಕ್ಕೆ ಮೇಲೆ ಬಿಟ್ಟಿದ್ದ ಜಾಗ ಸರಿಯಾಗಿದೆಯಾ ಅಂತ ಮೊದಲು ಬಿಳಿ ಹಾಳೆಯಲ್ಲಿ ಒಂದು ಪ್ರಿಂಟ್ ತೆಗೆದು ನೋಡಿ.